ಪದವಿನಲ್ಲಿ ಒಂದು ಬಲ್ಬು

ಮೂವತ್ತನಾಲ್ಕು ವರ್ಷ ಕಂಬ ಹತ್ತಿದವನು ನಾನು.
ಕತ್ತಲೆಯ ಮೇಲೆ ಬಂದ ದೂರುಗಳನ್ನೆಲ್ಲ
ಪ್ಲೈಯರು ಹಿಡಿದು ಪರಿಹರಿಸಿದವನು.
ಬೀದಿದೀಪದ ಗಾಜು ಬಿಚ್ಚಿದರೆ
ಒಳಗೆ ಒಂದು ಬೊಗಸೆ ರೆಕ್ಕೆ.
ಕೆಳಗೆ ಕೊಡವಿ, ಉಫ್ ಎಂದು ಊದಿ
ಮುಂದಿನ ಕಂಬಕ್ಕೆ ಹೋಗುತ್ತಿದ್ದೆ.

ಈಗ ಸೋಣದ ಅಮಾವಾಸ್ಯೆ,
ಪೆರ್ಮುದೆಯಾಚೆಯ ಪದವಿನ ಮೇಲೆ
ಎರಡು ಬಿದಿರಿಗೆ ಬಿಳಿ ಬೆಡ್‌ಶೀಟು ಕಟ್ಟಿ
ಒಂದೇ ಒಂದು ಬಲ್ಬು ತೂಗಿಸಿದ್ದೇನೆ.
ಸಂಬಳವಿಲ್ಲ. ದೂರು ಕೊಟ್ಟವರೂ ಇಲ್ಲ.
ಬೆಡ್‌ಶೀಟು ವಾರಿಜಳದ್ದು, ಮೂಲೆಯಲ್ಲಿ ಹಲಸಿನ ಮೇಣದ ಕಲೆ.
"ಹುಳಕ್ಕೆ ಹಾಸಿಗೆ ಹಾಸಲು ಹೊರಟಿರಾ?" ಅಂದಳು.
ಅಂದರೂ ಇಸ್ತ್ರಿ ಹಾಕಿ ಕೊಟ್ಟಳು.

ಪ್ರೆಸಿಲ್ಲಾ ಟೀಚರು ನಿಯಮ ಹೇಳಿದರು:
ಮುಟ್ಟಬಾರದು,
ಬೆರಳಿಗೆ ಬಂದ ರೆಕ್ಕೆಯ ಹುಡಿ ತಿರುಗಿ ಹಚ್ಚಲಾಗದು.
ನುಸಿಬತ್ತಿ ಉರಿಸಬಾರದು.
ಗಂಟೆಗೊಮ್ಮೆ ಎಣಿಸಬೇಕು, ಫೋಟೊದಲ್ಲಿ ಪಕ್ಕಕ್ಕೆ ಸ್ಕೇಲು ಇರಬೇಕು,
ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು.
ಕೊನೆಯದು ಕಷ್ಟವಾಯಿತು ನನಗೆ.
ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಿನಲ್ಲಿ
ಆ ಮಾತಿಗೆ ಜಾಗವಿರಲಿಲ್ಲ.

ಎಣಿಸುವುದರಲ್ಲಿ ಮೊಯ್ದಿನಬ್ಬನೇ ಗುರು.
ದಕ್ಕೆಯಲ್ಲಿ ಬಂಗುಡೆ ಎಣಿಸಿದ ಕಣ್ಣು
ಹಾರುತ್ತಿರುವುದನ್ನೂ ಬುಟ್ಟಿಗೆ ಹಾಕುತ್ತದೆ.
"ಕಂದು ನಲ್ವತ್ತೊಂದು, ಹಸಿರು ಆರು,
ಒಣಗಿದೆಲೆಯಂಥದ್ದು ಎರಡು. ತಡೆಯಿರಿ,
ಒಂದು ನಿಜವಾದ ಎಲೆ."

ಹನ್ನೊಂದಕ್ಕೆ ಬಂದದ್ದು ಅಂಗೈಗಿಂತ ಅಗಲ,
ಉದ್ದ ಬಾಲ ಇಳಿಬಿಟ್ಟ ತಿಳಿಹಸಿರು.
"ಇದಕ್ಕೆ ಬಾಯಿ ಇಲ್ಲ," ಟೀಚರು ಅಂದರು,
"ಹುಳವಾಗಿದ್ದಾಗ ತಿಂದದ್ದರಲ್ಲೇ ಉಳಿದ ಒಂದು ವಾರ."
ಪಿಂಚಣಿ, ಅಂದೆ ನಾನು.
ಮೊಯ್ದಿನಬ್ಬ ನಕ್ಕ ರಭಸಕ್ಕೆ ಬಟ್ಟೆ ಅಲುಗಿ
ಆರು ಹಸಿರು ಐದಾಯಿತು.

ನಾವು ಕಾಯುತ್ತಿದ್ದುದು ಬೇರೆಯದನ್ನು:
ಹೆಬ್ಬೆಟ್ಟಿನ ಉಗುರಿನಷ್ಟು, ಮುರಕಲ್ಲಿನದೇ ಬಣ್ಣ,
ಒಳರೆಕ್ಕೆಯಲ್ಲಿ ಮಾತ್ರ ಒಂದು ಅರಿಸಿನ ಗೆರೆ.
ಹನ್ನೆರಡು ವರ್ಷದ ಹಿಂದೆ ಇಲ್ಲೇ ಒಂದು ಸಿಕ್ಕಿತ್ತಂತೆ.
ಆಗ ಕೋರೆ ಇರಲಿಲ್ಲ. ಈಗ ಪದವಿನ ಅರ್ಧ
ಗೋಡೆಗಳಾಗಿ ಎಲ್ಲೆಲ್ಲೋ ನಿಂತಿದೆ.
ನನ್ನ ಮನೆಯದೂ ಮುರಕಲ್ಲೇ.
ಯಾವ ಪದವಿನದ್ದೆಂದು ಕೇಳಿರಲಿಲ್ಲ.

ಪಡುದಿಕ್ಕಿಗೆ ರಿಫೈನರಿಯ ಬೆಂಕಿ
ಮೋಡದ ಹೊಟ್ಟೆ ಕೆಂಪಾಗುವಷ್ಟು.
ತೆಂಕಲಿಗೆ ಬಜ್ಪೆಗೆ ಇಳಿಯುವ ವಿಮಾನ.
ಇಷ್ಟು ಬೆಳಕಿನ ನಡುವೆ ನಮ್ಮ ಬಲ್ಬು
ಯಾವ ಮುಖದಿಂದ ಕರೆಯಬೇಕು ಅದನ್ನು?

ಎರಡೂವರೆಗೆ ಹನಿ ಬಿತ್ತು.
ಇದ್ದ ಒಂದು ಕೊಡೆ ಬಲ್ಬಿಗೆ, ನಮಗಲ್ಲ.
ಮೂರು ಗಂಟೆ, ಅರಿಸಿನ ಗೆರೆಯದ್ದು: ಸೊನ್ನೆ.
ನಾಲ್ಕು ಗಂಟೆ: ಸೊನ್ನೆ.
"ಸೊನ್ನೆಯೂ ದಾಖಲೆಯೇ, ದುಂಡಗೆ ಬರೆಯಿರಿ," ಅಂದರು ಟೀಚರು,
ಕನ್ನಡಕ ಒರೆಸಿಕೊಳ್ಳುತ್ತ.
ಒದ್ದೆ ಕಾಗದದ ಮೇಲೆ ಪೆನ್ನು ಹಿಡಿಯಲಿಲ್ಲ,
ಅದೇ ಸೊನ್ನೆಯನ್ನು ಮೂರು ಸಲ ತಿದ್ದಿದೆ.

ಕಾಜಾಣ ಏಳುವ ಮೊದಲು ದೀಪ ಆರಿಸಬೇಕು,
ಇಲ್ಲದಿದ್ದರೆ ಬಟ್ಟೆಯೇ ಅದಕ್ಕೆ ಬಾಳೆಲೆ.
ಸ್ವಿಚ್ಚಿಗೆ ಕೈ ಹೋಗಿ ಅಲ್ಲೇ ನಿಂತಿತು:
ಕರೆಂಟು ತೆಗೆದಾಗಲೆಲ್ಲ ಬೈಸಿಕೊಂಡ ಕೈ.
ಆಫ್.
ಒಂದೊಂದಾಗಿ ಕಳಚಿಕೊಂಡವು.
ಕಾಣಲಿಲ್ಲ. ಕೆನ್ನೆಗೆ ಗಾಳಿ ತಾಗಿತು, ಅಷ್ಟೆ.

ಮನೆಯಲ್ಲಿ ವಾರಿಜ ಬಟ್ಟೆ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದಳು.
ಮೇಣದ ಕಲೆಯ ಪಕ್ಕ ಸಾಲಾಗಿ
ಸಾಸಿವೆಗಿಂತ ಸಣ್ಣ ಹನ್ನೊಂದು ಮೊಟ್ಟೆ.
"ಯಾವುದರದ್ದು?"
ಗೊತ್ತಿಲ್ಲ, ಅಂದೆ.
ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ ಇಟ್ಟಿದ್ದಳು,
ನೊರೆ ಇಳಿಯುತ್ತಿತ್ತು.
"ಒಗೆಯಲಾ," ಅಂದಳು, "ಇರಲಾ?"